ಉಗಾಂಡಾದ ಅತ್ತೆ, ಬೇಡಕಿಹಾಳದ ಒಟಿಪಿ

ಬೇಡಕಿಹಾಳದಲ್ಲಿ ಸ್ನೇಹಲಳ ಗಿರಣಿ ಎಲ್ಲಿದೆ ಎಂದು ಕೇಳಿದರೆ ಯಾರೂ ಕೈ ಮಾಡಿ ತೋರಿಸುವುದಿಲ್ಲ. “ಸಪ್ಪಳ ಎಲ್ಲಿಂದ ಬರತೈತಿ ಅಲ್ಲಿಗೆ ಹೋಗ್ರಿ” ಅನ್ನುತ್ತಾರೆ, ಅಷ್ಟೆ. ಆ ಸಪ್ಪಳದಲ್ಲಿ ಗಿರಣಿಯದು ಅರ್ಧ, ಸ್ನೇಹಲಳದು ಅರ್ಧ. ಕಾಗವಾಡದ ದ್ರಾಕ್ಷಿ ತೋಟದ ಮನೆಯಲ್ಲಿ ಹುಟ್ಟಿ, ಈ ಬದುವಿನಿಂದ ಆ ಬದುವಿಗೆ ಕೂಗಿ ಮಾತಾಡುತ್ತ ಬೆಳೆದವಳು ಆಕೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಗಿರಣಿಯ ಸಪ್ಪಳದ ಮೇಲೆ ಮಾತಾಡುವುದನ್ನೂ ಕಲಿತಳು. ನಾನು ಅದೇ ಓಣಿಯವನು. ಜೋಳದ ಡಬ್ಬಿ ಸಾಲಿಗೆ ಇಟ್ಟು, ಕಟ್ಟೆಯ ಮೇಲೆ ಕೂತು ಕಾಯುವವನು. ಈ ಕತೆಯ ಒಂದಿಷ್ಟು ನನ್ನ ಕಣ್ಣೆದುರೇ ನಡೆಯಿತು. ಉಳಿದದ್ದನ್ನು ಆಕೆಯೇ ಸೆರಗಿನ ಹಿಟ್ಟು ಜಾಡಿಸುತ್ತ, ಸಿಟ್ಟಿನಿಂದ, ಬಿಟ್ಟು ಬಿಟ್ಟು ಹೇಳಿದಳು.

ಆಕೆಯ ಮಾವ ಧನಪಾಲ ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನ್‌ಮನ್ ಆಗಿದ್ದವರು. ಕಬ್ಬಿನ ಪಾಕ ಹರಳುಗಟ್ಟುವ ಹದ ನೋಡಿ ಇಳಿಸುವ ಕೆಲಸ. ನಿವೃತ್ತರಾಗಿ ಮನೆಗೆ ಬಂದ ಮೇಲೆ ಏನು ಮಾಡಬೇಕು ತಿಳಿಯದೆ, ಒಲೆಯ ಮುಂದೆ ನಿಂತು ಚಹಾ ಉಕ್ಕುವುದನ್ನು ನೋಡುತ್ತಿದ್ದರು. ಅಷ್ಟರಲ್ಲಿ ಉಗಾಂಡಾದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದ ರಾಯಬಾಗದ ನಿತಿನ ಫೋನು ಮಾಡಿ, “ಕಾಕಾ, ಇಲ್ಲಿ ಹದ ಗೊತ್ತಿದ್ದವರು ಬೇಕಾಗ್ಯಾರ, ಬರ್ತೀರೇನು?” ಎಂದ. ಧನಪಾಲ ಆ ವಾರವೇ ನಿಪ್ಪಾಣಿಗೆ ಹೋಗಿ ಪಾಸ್‌ಪೋರ್ಟಿಗೆ ಫೋಟೊ ತೆಗೆಸಿಕೊಂಡು ಬಂದರು. ಊರವರಿಗೆ ನಗು ಬಂತು. ಮಕ್ಕಳು ಪರದೇಶಕ್ಕೆ ಹೋಗುವುದು ಕೇಳಿದ್ದೆವು. ಮಗ, ಅಂದರೆ ಸ್ನೇಹಲಳ ಗಂಡ ಸುಹಾಸ, ಊರಲ್ಲೇ ಕಬ್ಬು ಮಾಡಿಕೊಂಡಿರುವಾಗ ಅಪ್ಪ ಹೊರಟದ್ದು ನಮಗೆಲ್ಲ ಹೊಸದು.

ಮರುವರ್ಷ ಅತ್ತೆ ತಾರಾಬಾಯಿಯೂ ಹೋದಳು. ಶಾವಿಗೆ, ಶೇಂಗಾ ಚಟ್ನಿ, ಉದ್ದಿನ ಹಪ್ಪಳ, ಜಪದ ಮಾಲೆ ಎಲ್ಲ ತುಂಬಿಕೊಂಡು, ಅಳುತ್ತ, ಸೊಸೆಗೆ ನೂರೆಂಟು ಮಾತು ಹೇಳುತ್ತ ಹೋದಳು. ಸ್ನೇಹಲ ನನ್ನೆದುರೇ ಅಂದದ್ದಿದೆ: “ಸುಳ್ಳ ಯಾಕ ಹೇಳ್ಲಿ ಅಣ್ಣಾ, ಆಕಿ ಗಾಡಿ ಹತ್ತಿದ ದಿನ ನಾ ಮನ್ಯಾಗ ಕಾಲ ಚಾಚಿ ಕುಂತ್ನಿ.”

ಆ ಸುಖ ಹೆಚ್ಚು ದಿನ ಉಳಿಯಲಿಲ್ಲ.

ತಾರಾಬಾಯಿಗೆ ಒಂದು ಧಾರಾವಾಹಿಯ ಹುಚ್ಚು. ಇಂದುಮತಿ ಎಂಬ ಸೊಸೆಯ ಕತೆ. ದಿನವೂ ರಾತ್ರಿ ಎಂಟೂವರೆಗೆ ಬರುತ್ತದೆ. ಇಲ್ಲಿದ್ದಾಗ ಆ ಹೊತ್ತಿಗೆ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಹೋಗುವ ಮೊದಲು ಮಗನ ಕೈಲಿ ಆ ಚಾನೆಲ್ಲಿನ ಆ್ಯಪ್ ಹಾಕಿಸಿಕೊಂಡು, ವರ್ಷದ ಚಂದಾ ಕಟ್ಟಿಸಿಕೊಂಡು ಹೋಗಿದ್ದಳು. ಕಾರ್ಖಾನೆಯ ಕಾಲನಿಯ ಮನೆಯಲ್ಲಿ ಸಾಮಾನು ಬಿಚ್ಚಿ, ದೇವರ ಫೋಟೊ ಇಟ್ಟು, ಆ್ಯಪ್ ಒತ್ತಿದಳು. ಪರದೆ ಕಪ್ಪಾಯಿತು. ನಡುವೆ ಒಂದು ಸಾಲು ಬಂತು: ಈ ಕಾರ್ಯಕ್ರಮ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ.

ಬೇಡಕಿಹಾಳಕ್ಕೆ ಫೋನು ಬಂತು.

“ಸ್ನೇಹಲಾ, ನಮ್ಮ ಪ್ರದೇಶದಾಗ ಇಲ್ಲ ಅನ್ನಾಕತ್ತೈತಿ. ನಮ್ಮ ಪ್ರದೇಶ ಅಂದ್ರ ಯಾವದು? ನಮ್ಮದು ಬೇಡಕಿಹಾಳ ಅಲ್ಲೇನು?”

“ಅತ್ತೀ, ನೀವು ಈಗ ಉಗಾಂಡಾದಾಗ ಅದೀರಿ.”

“ಅದು ನನಗ ಗೊತ್ತೈತಿ. ಅದಕ್ಕ ಹೆಂಗ ಗೊತ್ತಾತು?”

ಸ್ನೇಹಲಳಿಗೂ ಅದು ಗೊತ್ತಿರಲಿಲ್ಲ. ಸುಹಾಸನನ್ನು ಕೇಳಿದರೆ ಆತ ಎಂದಿನಂತೆ “ಆಕ್ಕೈತಿ ಬಿಡು” ಎಂದು ಹೊಲಕ್ಕೆ ನೀರು ಬಿಡಲು ಹೋದ. ಸುಹಾಸ ಒಳ್ಳೆಯವನು, ಆದರೆ ಯಾವ ಮಾತಿಗೂ ಅವನ ಉತ್ತರ ಅದೊಂದೇ.

ಕೊನೆಗೆ ಅಲ್ಲಿದ್ದ ನಿತಿನ ಒಂದು ಉಪಾಯ ಮಾಡಿದ. ತಾರಾಬಾಯಿಯ ಫೋನಿಗೆ ವಿಪಿಎನ್ ಎಂಬುದನ್ನು ಹಾಕಿಕೊಟ್ಟ. ಫೋನು ಉಗಾಂಡಾದಲ್ಲಿದ್ದರೂ ಮುಂಬೈಯಲ್ಲಿದೆ ಎಂದು ಆ್ಯಪಿಗೆ ತೋರಿಸುವ ಸಾಧನ ಅದು. ಧನಪಾಲರಿಗೆ ಅದು ಸರಿಬರಲಿಲ್ಲ. “ಸುಳ್ಳ ಹೇಳಿ ಟಿ.ವಿ. ನೋಡೂದು ಯಾಕ?” ಎಂದರಂತೆ. ತಾರಾಬಾಯಿ, “ನಾ ಎಲ್ಲಿ ಹೇಳಾಕತ್ತೇನಿ? ಫೋನ ಹೇಳಾಕತ್ತೈತಿ” ಎಂದು ಬಾಯಿ ಮುಚ್ಚಿಸಿದಳಂತೆ.

ಊರು ಬದಲಾದದ್ದು ಕಂಡು ಆ್ಯಪಿಗೆ ಸಂಶಯ ಬಂತು. ನೀವು ನೀವೇ ಹೌದೋ ಅಲ್ಲವೋ ತೋರಿಸಿ, ಒಟಿಪಿ ಕಳಿಸಿದ್ದೇವೆ, ಹಾಕಿ ಎಂದಿತು. ಒಟಿಪಿ ಬರುವುದು ಖಾತೆಗೆ ಕೊಟ್ಟ ನಂಬರಿಗೆ. ಆ ನಂಬರು ಧನಪಾಲರ ಹಳೆಯದು. ಪಿಂಚಣಿ, ಬ್ಯಾಂಕು, ಕಾರ್ಖಾನೆಯ ಶೇರು ಎಲ್ಲ ಅದಕ್ಕೇ ಜೋಡಿಸಿದ್ದರಿಂದ ಸಿಮ್ ಕಾರ್ಡನ್ನು ಸ್ನೇಹಲಳ ಫೋನಿನಲ್ಲಿ ಹಾಕಿಟ್ಟು ಹೋಗಿದ್ದರು. ಆ ಫೋನು ಗಿರಣಿಯ ಪಕ್ಕದ ಗೂಡಿನಲ್ಲಿ, ಹಿಟ್ಟಿನ ಪದರಿನ ಕೆಳಗೆ ಇರುತ್ತಿತ್ತು.

ಆ ದಿನ ನಾನು ಅಲ್ಲಿಯೇ ಇದ್ದೆ. ನನ್ನ ಮುಂದೆ ಸೋನಾಬಾಯಿಯ ಗೋಧಿ, ಹಿಂದೆ ಶೇವಂತಾಳ ಸಜ್ಜಿ. ಗಿರಣಿ ಭರ್ರೆನ್ನುತ್ತಿತ್ತು. ಗೂಡಿನಲ್ಲಿ ಫೋನು ಹೊಳೆದದ್ದನ್ನು ಶೇವಂತಾ ಕಂಡು ಸನ್ನೆ ಮಾಡಿದಳು. ಸ್ನೇಹಲ ಒಂದು ಕೈಯಿಂದ ಗೋಧಿ ಸರಿಸುತ್ತ ಇನ್ನೊಂದರಿಂದ ಫೋನು ಎತ್ತಿ ಕಿವಿಗೆ ಒತ್ತಿಕೊಂಡಳು.

“ಏನ್ರೀ? ಕೇಳಸೂದಿಲ್ಲಾ!”

“ಒಟಿಪಿ! ಒಟಿಪಿ ಬಂದೈತಿ ನೋಡ ಲಗೂನ!”

“ರೊಟ್ಟಿ? ಯಾವ ರೊಟ್ಟಿ?”

ಗಿರಣಿ ಬಂದ್ ಮಾಡಿ ಹಿಟ್ಟಿನ ಕೈಯಿಂದ ಪರದೆ ಒರೆಸಿದರೆ ಅದು ಇನ್ನಷ್ಟು ಬೆಳ್ಳಗಾಯಿತು. ಸೆರಗಿನಿಂದ ಒರೆಸಿ ಓದುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಇನ್ನೊಂದು ತರಿಸಿದರು. ಈ ಸಲ ಸ್ನೇಹಲ ಬೀದಿಗೆ ಕೇಳುವ ಹಾಗೆ ಓದಿದಳು: “ನಲವತ್ತೇಳು! ಅರವತ್ತೊಂಬತ್ತು! ಐವತ್ತೆಂಟು!”

ತಾರಾಬಾಯಿ ಮರಾಠಿ ಶಾಲೆಯಲ್ಲಿ ಕಲಿತವಳು. ಮಾತು ಕನ್ನಡವಾದರೂ ಲೆಕ್ಕ ಮರಾಠಿಯದು. ಕೇಳಿದ್ದನ್ನು ಮರಾಠಿಗೆ ಮಾಡಿ ಗಂಡನಿಗೆ ಹೇಳಿದಳು: “ಸತ್ತೇಚಾಳೀಸ, ಏಕೋಣಸತ್ತರ, ಅಠ್ಠಾವನ್ನ.” ಧನಪಾಲರ ಕಿವಿ ಕಾರ್ಖಾನೆಯ ಸಪ್ಪಳದಲ್ಲಿ ಅರ್ಧ ಹೋಗಿತ್ತು. ಅವರು ಬಾಲದ ‘ಸತ್ತರ’ ಮಾತ್ರ ಕೇಳಿ ಎಪ್ಪತ್ತು ಒತ್ತಿದರು. ಒಟಿಪಿ ತಪ್ಪಾಗಿದೆ ಎಂದು ಬಂತು.

“ನಾ ಏಕೋಣಸತ್ತರ ಅಂದ್ನಿ, ಇವ್ರು ಬರೇ ಸತ್ತರ ಹೊಡದ್ರು!” ತಾರಾಬಾಯಿಯ ದನಿ ಅಲ್ಲಿಂದ ಸೀಳಿ ಬಂತು. ಹಿಂದಿನಿಂದ ಧನಪಾಲರು ಏನೋ ಅನ್ನುತ್ತಿದ್ದರು. ಇಲ್ಲಿ ಶೇವಂತಾ ಸ್ನೇಹಲಳನ್ನು ಕೇಳಿದಳು: “ಯಾರಿಗೂ ಹೇಳಬ್ಯಾಡ್ರಿ ಅಂತ ಅದರಾಗ ಬರದಿರತೈತಿ, ನೀ ಊರ ಮಂದಿಗೆಲ್ಲಾ ಕೇಳೂವಂಗ ಒದರತಿಯಲ್ಲ?”

“ಊರ ಮಂದೀಗೆ ಕೇಳತೈತಿ ಅಕ್ಕಾ, ಕೇಳಬೇಕಾದವ್ರಿಗೆ ಕೇಳಸಂಗಿಲ್ಲ!”

ಮೂರನೆಯದೂ ತಪ್ಪಿತು. ಆ್ಯಪ್ ಬಾಗಿಲು ಹಾಕಿಕೊಂಡು, ನಾಳೆ ಬನ್ನಿ ಎಂದಿತು. ನಾಳೆಯೂ ಹೀಗೆಯೇ ಆಯಿತು. ಒಂದು ದಿನ ಸ್ನೇಹಲ ಸ್ನಾನಕ್ಕೆ ಹೋದಾಗ, ಇನ್ನೊಂದು ದಿನ ಬಸದಿಯಲ್ಲಿ ಕೈಮುಗಿದು ನಿಂತಾಗ, ಮತ್ತೊಂದು ದಿನ ಖಾರ ಕುಟ್ಟುತ್ತ ಕಣ್ಣು ಮೂಗು ಹರಿಯುತ್ತಿರುವಾಗ ಬಂತು ಒಟಿಪಿ. ಫೋನು ಹೊಳೆದರೆ ಸಾಕು, ಆಕೆ ಹಲ್ಲು ಕಡಿಯುತ್ತಿದ್ದಳು.

ಬೇಸತ್ತು ಆಕೆಯೇ ಒಂದು ದಾರಿ ಹುಡುಕಿದಳು. ಎಂಟೂವರೆಗೆ ವಿಡಿಯೊ ಕಾಲ್ ಮಾಡಿ, ಫೋನನ್ನು ಉಪ್ಪಿನಕಾಯಿ ಭರಣಿಗೆ ಆನಿಸಿ ಟಿ.ವಿ.ಯ ಎದುರು ನಿಲ್ಲಿಸುವುದು. ತಾರಾಬಾಯಿ ಅಲ್ಲಿಂದ ನೋಡುವುದು. ಅಲ್ಲಿ ಆಗ ಸಂಜೆ ಆರು. ಸೂರ್ಯ ಮುಳುಗುವುದರೊಳಗೆ ಊಟ ಮುಗಿಸುವ ವ್ರತ ಅವಳದು. ಹಾಗಾಗಿ ಒಂದು ಕಣ್ಣು ಕಿಟಕಿಯ ಮೇಲೆ, ಒಂದು ಕಣ್ಣು ಇಂದುಮತಿಯ ಮೇಲೆ ಇಟ್ಟುಕೊಂಡು ತುತ್ತು ನುಂಗುತ್ತಿದ್ದಳು. ಮೊದಲ ದಿನ ಸುಹಾಸ ಟವೆಲ್ ಸುತ್ತಿಕೊಂಡು ಟಿ.ವಿ. ಮುಂದೆ ಹಾದುಹೋದ. “ಲೇ, ದಾರಿ ಬಿಡಲೇ!” ಎಂದು ಉಗಾಂಡಾದಿಂದ ಕೂಗು ಬಂದಾಗ ಹೆದರಿ ಗೋಡೆಗೆ ಒರಗಿದನಂತೆ.

ಆದರೆ ಆ ಫೋನಿಗೆ ಟಿ.ವಿ. ಮಾತ್ರ ಕಾಣುತ್ತಿರಲಿಲ್ಲ. ಪಡಸಾಲೆಯೂ ಕಾಣುತ್ತಿತ್ತು. ಜಾಹೀರಾತು ಬಂದಾಗಲೆಲ್ಲ ತಾರಾಬಾಯಿ ಮನೆ ನೋಡತೊಡಗಿದಳು.

“ಆ ಕಿಡಕಿ ಪಡದಿ ಯಾಕ ಬದಲಿ ಮಾಡೀ? ಮೊದಲಿಂದು ಹರದಿತ್ತೇನು?”

“ಗ್ವಾಡಿ ಮ್ಯಾಗ ಜೇಡರ ಬಲಿ ಕಟ್ಟೇತಿ ನೋಡು, ಬಲಕ್ಕ. ಬಲಕ್ಕ ಅಂದ್ರ ನನ್ನ ಬಲಕ್ಕ.”

“ಕ್ಯಾಲೆಂಡರ ಹಿಂದಿನ ತಿಂಗಳದ ಐತಿ.”

ಸ್ನೇಹಲ ಹೂಂ ಹೂಂ ಎನ್ನುತ್ತ ಹೋದಳು. ದಿನವಿಡೀ ಗಿರಣಿಯಲ್ಲಿ ನಿಂತು ಕಾಲು ಬಾತಿರುತ್ತಿದ್ದವು. ಕುಳಿತು ಆ ಧಾರಾವಾಹಿಯನ್ನಾದರೂ ನೋಡೋಣವೆಂದರೆ ಅತ್ತೆ ಅದನ್ನೂ ಬಿಡಲಿಲ್ಲ. ಒಂದು ಸಂಜೆ ಫೋನು ಜಾರಿ ಸ್ವಲ್ಪ ಓರೆಯಾಯಿತು. ಈವರೆಗೆ ಕಾಣದ ಮೂಲೆ ಕಂಡಿತು.

“ಸ್ನೇಹಲಾ. ನನ್ನ ಕಪಾಟ ಎಲ್ಲಿ?”

ಅದು ತಾರಾಬಾಯಿ ತವರಿನಿಂದ ತಂದ ಸಾಗವಾನಿ ಕಪಾಟು. ಸ್ನೇಹಲ ಅದನ್ನು ಹಿಂದಿನ ದನದ ಕೊಟ್ಟಿಗೆಯ ಪಕ್ಕದ ಕೋಣೆಗೆ ಸಾಗಿಸಿ, ಆ ಜಾಗದಲ್ಲಿ ಶಾವಿಗೆ ಮಷೀನು ತಂದು ನಿಲ್ಲಿಸಿದ್ದಳು. ಅತ್ತೆಗೆ ಹೇಳಿರಲಿಲ್ಲ. ಹೇಳಬೇಕಿತ್ತು, ಅದು ಅವಳಿಗೂ ಗೊತ್ತು. ಆದರೆ ಆ ಕ್ಷಣ ತಪ್ಪು ನೆನಪಿಗೆ ಬರಲಿಲ್ಲ. ದಿನಗಟ್ಟಲೆಯ ಒಟಿಪಿಯೆಲ್ಲ ಒಟ್ಟಿಗೆ ನೆತ್ತಿಗೇರಿತು.

“ಹಿಂದಿನ ಖೋಲ್ಯಾಗ ಐತ್ರಿ! ಸುಟ್ಟಿಲ್ಲ, ಮಾರಿಲ್ಲ!”

“ನನ್ನ ಕೇಳದ?”

“ಕೇಳಾಕ ನಿಮಗ ಒಟಿಪಿ ಬಿಟ್ಟ ಬ್ಯಾರೆ ಮಾತರ ಎಲ್ಲಿ ಐತ್ರಿ? ಮನೀ ನಡಸಾಕತ್ತಾಕಿ ನಾನು. ಆಫ್ರಿಕಾದಾಗ ಕುಂತು ಜೇಡರ ಬಲಿ ಎಣಸಾಕತ್ತೀರಿ ನೀವು! ಟಿ.ವಿ. ನೋಡ್ತೀರೋ, ಮನೀ ತಪಾಸ ಮಾಡ್ತೀರೋ?”

ತಾರಾಬಾಯಿಯ ಕೈಯಲ್ಲಿ ಇನ್ನೂ ತುತ್ತಿತ್ತು. ಸ್ನೇಹಲ ಫೋನು ಕಟ್ ಮಾಡಿ ಮಗುಚಿ ಇಟ್ಟಳು. ಟಿ.ವಿ.ಯಲ್ಲಿ ಇಂದುಮತಿ ಅಳುತ್ತಿದ್ದಳು. ಅದನ್ನೂ ಆರಿಸಿದಳು.

ಆಮೇಲೆ ಕೆಲವು ದಿನ ಫೋನು ಹೊಳೆಯಲಿಲ್ಲ. ಗಿರಣಿಯಲ್ಲಿ ಯಾರಾದರೂ “ಅತ್ತಿ ಹೆಂಗದಾರ?” ಎಂದರೆ, “ಆರಾಮದಾರ” ಎಂದು ಗಿರಣಿಯ ಸಪ್ಪಳ ಏರಿಸುತ್ತಿದ್ದಳು. ಸುಹಾಸನನ್ನು ತಾಯಿಯ ಹತ್ತಿರ ಮಾತಾಡಲು ಹಚ್ಚಿದರೆ ಆತ ಮಳೆಯ ಸುದ್ದಿ ಮಾತಾಡಿ ಇಟ್ಟುಬಿಟ್ಟ.

ಒಂದು ಮಧ್ಯಾಹ್ನ ಧನಪಾಲರು ತಾವೇ ಫೋನು ಮಾಡಿದರು. ಅವರು ಸೊಸೆಯೊಂದಿಗೆ ಬಿಚ್ಚಿ ಮಾತಾಡಿದವರಲ್ಲ. ಚಹಾ ಬೇಕಾದರೂ ಕೆಮ್ಮಿ ತಿಳಿಸುತ್ತಿದ್ದವರು.

“ಗಿರಣಿ ಬಂದ್ ಐತೇನವಾ?”

“ಐತ್ರಿ ಮಾಮಾ. ಹೇಳ್ರಿ.”

“ನಿನ್ನ ಅತ್ತೀದು ಹೇಳ್ತೇನಿ. ಇಲ್ಲಿ ಬಾಜೂದವರು ಗುಜರಾತಿ, ಎದುರಿಗೆ ತಮಿಳರು, ಅದರಾಚೆ ತೆಲುಗು ಮಂದಿ. ಎಲ್ಲಾರೂ ಛಲೋ ಮಂದಿ. ಆದ್ರ ಇಕೀಗೆ ಅವರ ಮಾತ ಬರೂದಿಲ್ಲ, ಅವರಿಗೆ ಇಕೀದು ತಿಳಿಯೂದಿಲ್ಲ. ನಾ ಮುಂಜಾನೆ ಹೋದ್ರ ಸಂಜೀಕ ಬರತೇನಿ. ನನಗ ಮೊದಲ ಮಾತ ಕಡಿಮಿ, ನಿನಗ ಗೊತ್ತಲ್ಲ. ಆ ಟಿ.ವಿ. ಹಚ್ಚಿದ್ರ ಅದರ ಜೋಡಿ ಮಾತಾಡ್ತಾಳವಾ. ಆ ಹುಡುಗೀಗೆ ಬೈತಾಳ, ಬುದ್ಧಿ ಹೇಳ್ತಾಳ. ಈಗ ನಾಕ್ ದಿನಾತು, ನನ್ನ ಜೋಡಿನೂ ಮಾತಿಲ್ಲ.”

ಒಮ್ಮೆ ಕೆಮ್ಮಿ, “ಕಪಾಟಿಂದು ಏನೂ ಮನಸಿಗೆ ಹಚ್ಕೋಬ್ಯಾಡ” ಎಂದು ಇಟ್ಟರು.

ಸ್ನೇಹಲಳಿಗೆ ಸಿಟ್ಟು ಪೂರ್ತಿ ಇಳಿಯಲಿಲ್ಲ. ಆದರೆ ಸಿಟ್ಟಿನ ಜಾಗಕ್ಕೆ ಇನ್ನೊಂದು ಹಟ ಬಂತು: ಆ ಧಾರಾವಾಹಿ ಉಗಾಂಡಾದಲ್ಲಿ ಹೇಗೆ ಹತ್ತುವುದಿಲ್ಲವೋ ನೋಡೇಬಿಡುತ್ತೇನೆ ಎಂಬ ಹಟ. ಮರುದಿನ ಮಧ್ಯಾಹ್ನ ಗಿರಣಿಗೆ ಬೀಗ ಹಾಕಿ, ಕೈ ತೊಳೆದು, ಒಳಕೋಣೆಯಲ್ಲಿ ಕೂತು ಫೋನು ಮಾಡಿದಳು. “ಅತ್ತೀ, ಮಾಮಾರನ್ನ ನಡಕ ತರಬ್ಯಾಡ್ರಿ. ನೀವ ಒತ್ತರಿ. ನಾ ಒಂದೊಂದ ಅಂಕಿ ಮರಾಠಿಲೆ ಹೇಳ್ತೇನಿ.” ಒಂದೊಂದಾಗಿ ಹೇಳಿದಳು. ಆ್ಯಪ್ ತೆರೆಯಿತು. ಇಂದುಮತಿಯ ಹಾಡು ಉಗಾಂಡಾದ ಮನೆಯಲ್ಲಿ ಕೇಳಿಸಿತು. ತಾರಾಬಾಯಿ “ಉಂಡೀ?” ಎಂದಷ್ಟೇ ಕೇಳಿದಳು. ಇಬ್ಬರ ನಡುವೆ ಅದೇ ರಾಜಿ.

ಎರಡು ಕಂತು ನೋಡುವಷ್ಟರಲ್ಲಿ ಆ್ಯಪ್ ಹೊಸದಾಗಿ ಬದಲಾಯಿತು. ನೀವು ನಿಮ್ಮ ಸ್ಥಳವನ್ನು ಮರೆಮಾಡುತ್ತಿರುವಿರಿ, ಅದನ್ನು ನಿಲ್ಲಿಸಿ ಎಂದಿತು. ನಿಲ್ಲಿಸಿದರೆ, ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ ಎಂದಿತು. ನಿತಿನ ಇನ್ನೆರಡು ಸಾಧನ ಹಾಕಿ ನೋಡಿ ಕೈಚೆಲ್ಲಿದ.

ಸ್ನೇಹಲ ಆ್ಯಪಿನವರ ಸಹಾಯವಾಣಿಗೆ ಫೋನು ಹಚ್ಚಿದಳು. ಬಹಳ ಹೊತ್ತು ಸಂಗೀತ ಕೇಳಿಸಿ, ಕೊನೆಗೆ ಬೆಂಗಳೂರಿನ ಕನ್ನಡದ ಒಬ್ಬ ಹುಡುಗಿ ಬಂದಳು.

“ಹೇಳಿ ಮೇಡಂ, ಏನು ತೊಂದರೆ ಆಗ್ತಿದೆ?”

“ನಮ್ಮ ಅತ್ತೀಗೆ ಧಾರಾವಾಹಿ ಕಾಣವಲ್ದರಿ.”

“ತಾವು ಯಾವ ಊರಿಂದ ಮಾತಾಡ್ತಿದ್ದೀರ?”

“ಬೇಡಕಿಹಾಳ. ನಿಪ್ಪಾಣಿ ತಾಲೂಕು.”

“ಚೆಕ್ ಮಾಡಿದೆ ಮೇಡಂ. ತಮ್ಮ ಊರಿನಲ್ಲಿ ಯಾವ ಸಮಸ್ಯೆಯೂ ಇಲ್ಲ. ಚೆನ್ನಾಗಿ ಬರ್ತಿದೆ.”

“ಬೇಡಕಿಹಾಳದಾಗ ಬರತೈತ್ರಿ! ಅತ್ತಿ ಬೇಡಕಿಹಾಳದಾಗ ಇಲ್ಲಲ್ರೀ!”

“ಅವರು ಎಲ್ಲಿದ್ದಾರೆ ಮೇಡಂ?”

“ಉಗಾಂಡಾ.”

“ಕ್ಷಮಿಸಿ ಮೇಡಂ, ಆ ದೇಶದಲ್ಲಿ ಪ್ರಸಾರದ ಹಕ್ಕು ನಮಗಿಲ್ಲ.”

“ರೊಕ್ಕಾ ಕಟ್ಟಿದ ಹಕ್ಕ ನಮಗ ಐತೆಲ್ಲ? ಕನ್ನಡದ ಕತಿ, ಕನ್ನಡದಾಕಿ ನೋಡತೇನಿ ಅಂತಾಳ. ಆಕಿ ಎಲ್ಲಿ ಕುಂತರ ನಿಮಗೇನ್ರಿ?”

“ತಮ್ಮ ಅಭಿಪ್ರಾಯವನ್ನು ಮೇಲಿನವರಿಗೆ ತಲುಪಿಸ್ತೀನಿ ಮೇಡಂ. ಬೇರೆ ಏನಾದರೂ ಸಹಾಯ ಬೇಕಿತ್ತಾ?”

ಸ್ನೇಹಲ ಫೋನಿಟ್ಟು ಅಂಗಳದಲ್ಲಿ ಬಿದ್ದಿದ್ದ ಖಾಲಿ ಡಬ್ಬಿಯೊಂದನ್ನು ಒದ್ದಳು. ಅದರ ಸಪ್ಪಳಕ್ಕೆ ಹೊರಗೆ ಬಂದ ಸುಹಾಸ ಬಾಯಿ ತೆರೆಯುವ ಮೊದಲೇ, “ಆಕ್ಕೈತಿ ಬಿಡು ಅಂದ್ರ ನೋಡ್ರಿ!” ಎಂದಳು. ಆತ ಹಾಗೆಯೇ ಒಳಗೆ ಹೋದ.

ವಿಷಯ ತಿಳಿಸಲು ಫೋನು ಮಾಡಿದಾಗ ತಾರಾಬಾಯಿ, “ಬಿಡು ಇನ್ನ. ಎಷ್ಟಂತ ಹೆಣಗತಿ” ಎಂದಳು. ಕಾಡುತ್ತಿದ್ದಾಗ ಬರದಿದ್ದ ಸಂಕಟ ಸ್ನೇಹಲಳಿಗೆ ಆಗ ಬಂತು. ಅತ್ತೆ ಯಾವುದನ್ನೂ ಅಷ್ಟು ಸುಲಭವಾಗಿ ಬಿಟ್ಟವಳಲ್ಲ.

ಅದಾಗಿ ಕೆಲವು ವಾರಕ್ಕೆ ತಾರಾಬಾಯಿಯ ಮಾತಿನಲ್ಲಿ ಒಂದು ಹೊಸ ಹೆಸರು ಬರತೊಡಗಿತು: ನಕಾಟೊ. ಮನೆಗೆಲಸಕ್ಕೆ ಬರುತ್ತಿದ್ದ ಆ ಊರ ಹೆಂಗಸು. ಮೊದಲಿಗೆ ದೂರುಗಳೇ ಇದ್ದವು. “ನನಗ ಅಜ್ಜಾ ಅಂತಾಳ ನೋಡು. ಗಂಡಸ್ರಂಗ ಕಾಣತೇನೇನು?” ಆಮೇಲೆ ನಿತಿನ ತಿಳಿಸಿ ಹೇಳಿದ: ಅವರ ಭಾಷೆಯಲ್ಲಿ ‘ಜಜ್ಜಾ’ ಎಂದರೆ ಅಜ್ಜಿ, ಗೌರವದ ಮಾತು. ಅಂದಿನಿಂದ ದೂರು ನಿಂತಿತು. ನಕಾಟೊ ಮಧ್ಯಾಹ್ನ ಕೆಲಸ ಮುಗಿಸಿ ಅಲ್ಲಿನ ಟಿ.ವಿ.ಯಲ್ಲಿ ಅಲ್ಲಿನದೇ ಒಂದು ಧಾರಾವಾಹಿ ನೋಡುತ್ತಿದ್ದಳು. ತಾರಾಬಾಯಿ ಕಾಳು ಆರಿಸುತ್ತ ಪಕ್ಕದಲ್ಲಿ ಕೂತಳು. ಭಾಷೆ ಒಂದಕ್ಷರ ತಿಳಿಯದು. ಆದರೆ ಅತ್ತೆ, ಸೊಸೆ, ಹೊಲದ ಜಗಳ, ಮುಚ್ಚಿಟ್ಟ ಮಗು, ಇವಕ್ಕೆ ಭಾಷೆ ಯಾಕೆ? ತಿಳಿಯದಲ್ಲಿ ನಕಾಟೊ ಕೈಸನ್ನೆ ಮಾಡುತ್ತಿದ್ದಳು, ತುಸು ಇಂಗ್ಲಿಷು ಹಚ್ಚುತ್ತಿದ್ದಳು. ತಾರಾಬಾಯಿ ಕನ್ನಡದಲ್ಲಿ ಬೈಯುತ್ತಿದ್ದಳು. ಇಬ್ಬರಿಗೂ ನಡೆಯುತ್ತಿತ್ತು.

“ಈಗ ಆಕೀಗೆ ನನ್ನ ಜೋಡಿ ಮಾತಾಡಾಕೂ ಪುರಸೊತ್ತಿಲ್ಲ ಅಣ್ಣಾ” ಎಂದು ಸ್ನೇಹಲ ನನ್ನ ಮುಂದೆ ಅಂದಳು. “ಹಚ್ಚಿದ್ರ, ಸ್ವಲ್ಪ ನಿಲ್ಲವಾ, ಆ ರಂಡೆಗಂಡ ಈಗ ಬರ್ತಾನ ಅಂತಾಳ. ಯಾವ ರಂಡೆಗಂಡ ಅಂತ ನಾ ಏನ ಕೇಳ್ಲಿ?” ಅದರಲ್ಲಿ ಸಿಟ್ಟಿತ್ತೋ ಮತ್ಸರವಿತ್ತೋ ಹೇಳುವುದು ಕಷ್ಟ.

ಭಾದ್ರಪದದಲ್ಲಿ ಜೈನರ ದಶಲಕ್ಷಣ ಪರ್ವಕ್ಕೆಂದು ತಾರಾಬಾಯಿ ಊರಿಗೆ ಬಂದಳು. ಧನಪಾಲರಿಗೆ ರಜೆ ಸಿಗಲಿಲ್ಲ. ಬಂದ ದಿನವೇ ಹಿಂದಿನ ಕೋಣೆಗೆ ಹೋಗಿ ಕಪಾಟನ್ನು ನೋಡಿ, ಬಾಗಿಲು ತೆಗೆದು ಹಾಕಿ, “ಇಲ್ಲೇ ಛಲೋ ಐತಿ, ಹಿಟ್ಟು ಹತ್ತೂದಿಲ್ಲ” ಎಂದಳು. ಹೀಗೆ ಆ ಜಗಳ ಮುಗಿಯಿತು. ಸ್ನೇಹಲ ರಾತ್ರಿ ಎಂಟೂವರೆಗೆ ತಾನಾಗಿಯೇ ಟಿ.ವಿ. ಹಚ್ಚಿ, ಅತ್ತೆಗೆ ಕುರ್ಚಿ ಹಾಕಿ ಕೂರಿಸಿದಳು. ಇಷ್ಟು ಒದ್ದಾಡಿದ ಧಾರಾವಾಹಿ ಈಗ ಒಂದು ಗುಂಡಿ ಒತ್ತಿದರೆ ಎದುರಿಗಿತ್ತು.

ತಾರಾಬಾಯಿ ಸ್ವಲ್ಪ ಹೊತ್ತು ನೋಡಿದಳು. “ಇಕೀ ಯಾರು?”

“ಇಕಿನ ಇಂದುಮತಿ. ಮೊದಲಿನ ಹುಡುಗಿ ಬಿಟ್ಟು ಹೋದಳ್ರಿ, ಈಗ ಇಕೀನ್ನ ಹಾಕ್ಯಾರ.”

“ಅಳೂದು ಸೈತ ಬರೂದಿಲ್ಲ ಇಕೀಗೆ.” ಜಾಹೀರಾತು ಬಂದಾಗ ಎದ್ದಳು. ಮರುದಿನ ಮಧ್ಯಾಹ್ನ ಗಿರಣಿಗೆ ಬಂದು ಸ್ನೇಹಲಳ ಕೈಗೆ ತನ್ನ ಫೋನು ಕೊಟ್ಟಳು. “ನಕಾಟೋದ ಟಿ.ವಿ. ಹಚ್ಚಿ ಕೊಡು. ನಿತಿನ ಇದರಾಗ ಹಾಕ್ಯಾನ. ಇವತ್ತ ಆ ಮುದುಕಿ ಹೊಲದ ಕಾಗದ ಕಸಕೊಳ್ಳೂದೈತಿ.”

ಸ್ನೇಹಲ ಒತ್ತಿದಳು. ಏನಾಯಿತೆಂದು ನಾನು ಹೇಳಬೇಕಿಲ್ಲ. ಇಂಗ್ಲಿಷಿನಲ್ಲಿ ಬಂತು, ಅರ್ಥ ಮಾತ್ರ ಅದೇ.

“ಅತ್ತೀ, ಇದು ಬೇಡಕಿಹಾಳದಾಗ ಹತ್ತೂದಿಲ್ಲ!”

“ಯಾಕ ಹತ್ತೂದಿಲ್ಲ? ಅಲ್ಲಿ ಹತ್ತತೈತಿ.”

ಸ್ನೇಹಲ ತಲೆಯ ಮೇಲೆ ಕೈಹೊತ್ತು ಗೋಧಿಯ ಚೀಲದ ಮೇಲೆ ಕುಳಿತಳು. ಕಟ್ಟೆಯ ಮೇಲಿದ್ದ ನಾವೆಲ್ಲ ಮುಖ ತಿರುಗಿಸಿ ನಗು ನುಂಗಿದೆವು. ಸೋನಾಬಾಯಿಗೆ ಮಾತ್ರ ನಗು ಬರಲಿಲ್ಲ. ಆಕೆಗೆ ಕತೆ ಬೇಕಿತ್ತು. “ಯಾವ ಮುದುಕಿ ತಾರಕ್ಕಾ? ಯಾರ ಹೊಲ?” ಎಂದು ಕೇಳಿದಳು.

ತಾರಾಬಾಯಿ ಹೇಳತೊಡಗಿದಳು. ಒಂದು ಊರು. ಅಲ್ಲೊಬ್ಬ ಮುದುಕಿ. ಆಕೆಗೆ ಇಬ್ಬರು ಸೊಸೆಯರು. ದೊಡ್ಡ ಮಗ ಕುಡುಕ, ಸಣ್ಣವನು ಊರು ಬಿಟ್ಟವನು. ಕೇಳುತ್ತ ಕೇಳುತ್ತ ನನಗೆ ಸಂಶಯ ಬಂತು. ಆ ದೂರದ ಊರಿನ ಮುದುಕಿ ನಮ್ಮ ಹಿಂದಿನ ಓಣಿಯ ಒಬ್ಬಳ ಹಾಗೆಯೇ ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಳ್ಳುತ್ತಿದ್ದಳು. ಅವರ ಹೊಲದ ಬದುವಿನಲ್ಲಿ ಬೇವಿನ ಮರವೂ ಇತ್ತು. ತಾರಾಬಾಯಿಗೆ ತಿಳಿಯದೆ ಉಳಿದ ಮಾತುಗಳನ್ನೆಲ್ಲ ಬೇಡಕಿಹಾಳ ತುಂಬಿಕೊಟ್ಟಿತ್ತು. ಆದರೆ ಅದನ್ನು ಯಾರು ಕೇಳುತ್ತಾರೆ? ಸೋನಾಬಾಯಿ ಬಾಯಿ ತೆರೆದು ಕೂತಿದ್ದಳು. ಶೇವಂತಾ ಹಿಟ್ಟು ತುಂಬಿಕೊಂಡವಳು ಹೋಗಲೊಲ್ಲಳು.

ಮರುದಿನದಿಂದ ಕಟ್ಟೆಯ ಮೇಲೆ ಜಾಗ ಸಿಗದಾಯಿತು. ಬೀಸುವುದಿಲ್ಲದವರೂ ಬಂದು ಕೂತರು. ಒಬ್ಬಳು ಒಂದು ಹಿಡಿ ಜೋಳ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು, ನೆಪಕ್ಕೆ. ದಿನಕ್ಕೊಮ್ಮೆ ನಕಾಟೊ ಫೋನು ಮಾಡಿ, ತುಂಡು ಇಂಗ್ಲಿಷಿನಲ್ಲಿ ಆ ದಿನದ್ದನ್ನು ಹೇಳುತ್ತಿದ್ದಳು. “ಜಜ್ಜಾ! ಬ್ಯಾಡ್ ಮ್ಯಾನ್ ಜೈಲ್!” ಅಷ್ಟರಿಂದ ತಾರಾಬಾಯಿ ಒಂದು ಮಧ್ಯಾಹ್ನ ಸಾಗುವಷ್ಟು ಕತೆ ನೂಲುತ್ತಿದ್ದಳು. ಗಿರಣಿ ಶುರು ಮಾಡಿದರೆ ಹೆಂಗಸರು ಒಕ್ಕೊರಲಿನಿಂದ “ಸ್ವಲ್ಪ ನಿಲ್ಲಸಬೇ!” ಅನ್ನುವರು. ನಿಲ್ಲಿಸಿದರೆ ಡಬ್ಬಿಗಳ ಸಾಲು ಬೀದಿಗೆ ಬರುವುದು.

“ಇದು ಗಿರಣೀನೋ ಕೀರ್ತನದ ಕಟ್ಟಿನೋ?” ಎಂದು ಸ್ನೇಹಲ ಒದರಿದಳು. “ಬೀಸೂದಿದ್ರ ಬೀಸ್ರಿ, ಇಲ್ಲಂದ್ರ ದಾರಿ ಬಿಡ್ರಿ!” ಯಾರೂ ಕದಲಲಿಲ್ಲ. ಆಕೆಯೂ ಒದರುತ್ತ ಒದರುತ್ತ ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತು, “ಮತ್ತ ಆ ಸಣ್ಣ ಸೊಸಿ ಸುಮ್ಮ ಕುಂತಳೇನ್ರಿ?” ಎಂದು ಕೇಳಿದ್ದನ್ನು ನಾನು ಕಂಡಿದ್ದೇನೆ.

ಪರ್ವ ಮುಗಿಯಿತು. ಕ್ಷಮಾವಳಿಯ ದಿನ ಮನೆಮಂದಿಯೆಲ್ಲ ಒಬ್ಬರಿಗೊಬ್ಬರು ಕೈಮುಗಿದು ಕ್ಷಮೆ ಕೇಳುವ ರೂಢಿ. ತಾರಾಬಾಯಿ ಸೊಸೆಯ ಮುಂದೆ ಕೈಮುಗಿದು, “ಒಟಿಪಿ ಒಟಿಪಿ ಅಂತ ಭಾಳ ಕಾಡಿದ್ನಿ” ಎಂದಳಂತೆ. ಸ್ನೇಹಲ ಏನೆಂದಳೋ ನನಗೆ ಹೇಳಲಿಲ್ಲ. ಮುಂದಿನ ವಾರ ತಾರಾಬಾಯಿ ಮತ್ತೆ ಹೊರಟಳು. ಈ ಸಲ ಅಳಲಿಲ್ಲ. ನಕಾಟೊಗೆಂದು ಒಂದು ಇಳಕಲ್ ಸೀರೆ, ಹಸಿರು ಬಳೆ ತುಂಬಿಕೊಂಡಿದ್ದಳು. ಧನಪಾಲರ ಕೆಲಸದ ಕರಾರು ಇನ್ನೊಂದು ವರ್ಷ ಮುಂದುವರಿದಿತ್ತು.

ಮೊನ್ನೆ ಜೋಳ ಒಯ್ದಾಗ ಗಿರಣಿ ಬಂದ್ ಇತ್ತು. ಒಳಗೆ ಕರೆಂಟು ಇದೆ, ಮುಂದೆ ಡಬ್ಬಿಗಳಿವೆ, ಕಟ್ಟೆಯ ಮೇಲೆ ಹೆಂಗಸರೆಲ್ಲ ಇದ್ದಾರೆ. ಸ್ನೇಹಲ ಫೋನನ್ನು ಸ್ಪೀಕರಿಗೆ ಹಾಕಿ ಗಿರಣಿಯ ಬಾಯಿಯ ಮೇಲೆ ಇಟ್ಟುಕೊಂಡು, ಮುಖ ಗಂಟು ಹಾಕಿ ನಿಂತಿದ್ದಳು. ಫೋನು ಸುಮ್ಮನೆ ರಿಂಗಾಗುತ್ತಿತ್ತು, ಅತ್ತ ಉಗಾಂಡಾದಲ್ಲಿ ತಾರಾಬಾಯಿ ಎತ್ತುತ್ತಿರಲಿಲ್ಲ.

“ಇನ್ನೊಮ್ಮಿ ಹಚ್ಚಬೇ” ಎಂದಳು ಶೇವಂತಾ. “ನಿನ್ನೆ ಆ ಮುದುಕಿ ಬಾವ್ಯಾಗ ಬಗ್ಗಿ ನೋಡಾಕತ್ತಿದ್ಲು.”

“ನನಗೇನ ಬ್ಯಾರೆ ಉದ್ಯೋಗ ಇಲ್ಲೇನು?” ಎಂದು ಸ್ನೇಹಲ ಗೊಣಗಿದಳು. ಎರಡೂ ಕೈ ಸೆರಗಿಗೆ ಒರೆಸಿಕೊಂಡು ಮತ್ತೆ ನಂಬರು ಒತ್ತಿದಳು.